ತಗಡು ಹಾರುವ ಹೊತ್ತು

ಡಿಸೆಂಬರ್ ತಿಂಗಳ ಮೊದಲ ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತೊಂದು ನಿಮಿಷ. ಹೈದರಾಬಾದಿನ ಮಲ್ಕಾಜ್‌ಗಿರಿಯ ಮನೆಯಲ್ಲಿ ಅಮರಯ್ಯ ಊಟದ ಮೇಜಿನ ಮುಂದೆ ಕೂತು, ಮುನ್ನೂರು ಕಿಲೋಮೀಟರ್ ದೂರದ ಕರಾವಳಿ ಹವಾಮಾನ ಕೇಂದ್ರವೊಂದರ, ಚಂಡಮಾರುತ ಹತ್ತಿರವಾದಂತೆ ಇಳಿಯುವ ವಾಯುಭಾರವನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ಎಂಟೂವರೆಯ ಅಂಕಿ 994 ಮಿಲಿಬಾರ್. ಹಿಂದಿನ ಸಂಜೆ ಅವರೇ ಬರೆದಿಟ್ಟ ಪಟ್ಟಿಯ ಪ್ರಕಾರ ಆ ಹೊತ್ತಿಗೆ 1001 ಇರಬೇಕಿತ್ತು. ಪಟ್ಟಿಯ ಮೇಲೆ ಬೆರಳಿಟ್ಟು ಕೆಳಗಿಳಿದರು. 994ರ ಎದುರು ಮಧ್ಯಾಹ್ನ ಎರಡು ಗಂಟೆ ಎಂದಿತ್ತು.

ವ್ಯತ್ಯಾಸ ಐದೂವರೆ ತಾಸು. ಆ ಅಂಕಿ ನೋಡಿದ ಕೂಡಲೇ ಅವರಿಗೆ ತಪ್ಪು ಗೊತ್ತಾಯಿತು.

ಅಮರಯ್ಯ ಲಿಂಗಸುಗೂರು ಕಡೆಯವರು. ರಾಯಚೂರಿನಲ್ಲಿ ಬಿಎಸ್ಸಿ ಮುಗಿಸಿ, ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಚಳಿಗಾಲದ ಚಂಡಮಾರುತವೊಂದು ಹಳಿಯ ಕೆಳಗಿನ ಮಣ್ಣನ್ನು ಕೊಚ್ಚಿಕೊಂಡು ಹೋದ ವರ್ಷ ಹವಾಮಾನದ ಹುಚ್ಚು ಹತ್ತಿತು. ಅಂದಿನಿಂದ ದಿನಕ್ಕೆರಡು ಸಲ ಮೂರು ಮುನ್ಸೂಚನಾ ಮಾದರಿಗಳ ನಕ್ಷೆ ತೆರೆದು, ಹೋಲಿಸಿ ಬರೆದಿಡುತ್ತಿದ್ದರು. "ಸಮುದ್ರ ನೋಡಿದ್ದು ಎರಡ ಸಲ, ಅದರ ಲೆಕ್ಕ ಮಾತ್ರ ದಿನಾ," ಎಂದು ಹೆಂಡತಿ ಜಯಮ್ಮ ನಗುತ್ತಿದ್ದರು.

ಆ ನಕ್ಷೆಗಳಲ್ಲಿ ಇರುವುದು ಜಾಗತಿಕ ಸಮಯ. ನಮ್ಮ ಗಡಿಯಾರಕ್ಕೆ ತರಲು ಐದೂವರೆ ತಾಸು ಕೂಡಿಸಬೇಕು. ವರ್ಷಗಳಿಂದ ಅಮರಯ್ಯನ ಕೈ ತಾನಾಗಿಯೇ ಕೂಡಿಸುತ್ತಿತ್ತು. ಅವರು ನೋಡುವ ತಾಣ ಹಿಂದಿನ ವಾರ ಹೊಸ ರೂಪಕ್ಕೆ ಬದಲಾಗಿ, ಭಾರತದ ಸಮಯವನ್ನೇ ತೋರಿಸತೊಡಗಿತ್ತು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಗೆಂದು ಬರೆದೂ ಇತ್ತು. ಸೋಮವಾರ ಸಂಜೆ ಪರದೆಯ ಮೇಲೆ ಬಿರುಗಾಳಿಯ ಹೊತ್ತು ಮಂಗಳವಾರ ಬೆಳಿಗ್ಗೆ ಹನ್ನೊಂದು ಎಂದಿದ್ದಕ್ಕೆ ಅವರು ಮತ್ತೆ ಕೂಡಿಸಿ ಸಂಜೆ ನಾಲ್ಕೂವರೆ ಎಂದು ಬರೆದರು. ಅಂದೇ ಸಂಜೆ ಏಳು ಗಂಟೆಗೆ ಹಂಪಯ್ಯನಿಗೆ ಫೋನ್ ಮಾಡಿ ಅದನ್ನೇ ಹೇಳಿದರು.

ಹಂಪಯ್ಯ ಅವರ ಊರಿನವನೇ, ಕೂಲಿ ಗುಂಪಿನ ಮೇಸ್ತ್ರಿ. ಹೈದರಾಬಾದಿನಲ್ಲಿ ಕಟ್ಟಡದ ಕೆಲಸ ಕಡಿಮೆಯಾದಾಗ ಇಪ್ಪತ್ಮೂರು ಮಂದಿಯನ್ನು ಕರೆದುಕೊಂಡು ಆಂಧ್ರದ ಕಡಲಂಚಿಗೆ, ಸೀಗಡಿ ಕೆರೆಗಳ ಒಡ್ಡು ಕಟ್ಟಲು ಹೋಗುತ್ತಿದ್ದ. ವಾಸ ತಗಡಿನ ಶೆಡ್ಡಿನಲ್ಲಿ; ಗಾಳಿ ಹೆಚ್ಚಾದರೆ ಊರಿನ ಶಾಲೆಯ ಕಟ್ಟಡಕ್ಕೆ ಹೋಗುವುದು. ಚಂಡಮಾರುತ ಎಲ್ಲಿ ದಡ ಮುಟ್ಟುತ್ತದೆ ಎಂಬುದು ಅವರಿಗೆ ಬೇಕಿರಲಿಲ್ಲ. ಗಾಳಿ ಎಷ್ಟು ಹೊತ್ತಿಗೆ ಶೆಡ್ಡಿನ ತಗಡು ಕೀಳುವಷ್ಟು ಆಗುತ್ತದೆ ಎಂದು ಅಮರಯ್ಯ ಒಂದು ಸಮಯ ಹೇಳುತ್ತಿದ್ದರು. ಗುಂಪು ಅದನ್ನು ತಗಡಿನ ಹೊತ್ತು ಎಂದು ಕರೆಯುತ್ತಿತ್ತು. ಮೊದಲ ವರ್ಷ ಅವರು ಆರು ತಾಸಿಗೊಮ್ಮೆ ಸಮಯ ತಿದ್ದಿ ಹೇಳಿ, ಯಾರೂ ನಂಬದಂತಾಗಿತ್ತು. ಆಮೇಲೆ ಅವರೇ ಒಂದು ನಿಯಮ ಮಾಡಿದರು: ಹಿಂದಿನ ಸಂಜೆ ಒಂದು ಸಲ ಹೇಳುವುದು, ಬದಲಿಸುವುದಿಲ್ಲ. ಮೂರು ಚಳಿಗಾಲ ಹಾಗೇ ನಡೆದಿತ್ತು. ಹೀಗಾಗಿ ಸೋಮವಾರ ಸರ್ಕಾರದ ಮೈಕು ಕೂಗಿ ಊರವರೆಲ್ಲ ಹೊರಟರೂ ಈ ಗುಂಪು ಹೊರಡಲಿಲ್ಲ. ಅವರ ಲೆಕ್ಕದಲ್ಲಿ ಮಂಗಳವಾರ ಸಂಜೆಯವರೆಗೆ ಸಮಯವಿತ್ತು.

ಅಮರಯ್ಯ ಮತ್ತೆ ಮತ್ತೆ ಪ್ರಯತ್ನಿಸಿದ ಮೇಲೆ ಎಂಟು ಐವತ್ತಕ್ಕೆ ಫೋನ್ ಹತ್ತಿತು. ಹಂಪಯ್ಯನ ದನಿಗಿಂತ ಗಾಳಿಯ ಸದ್ದೇ ಜೋರಾಗಿತ್ತು.

"ಭಾಳ ಐತ್ರಿ ಗಾಳಿ! ನಿಮ್ಮ ಸಮುದ್ರ ಇವತ್ತ ಲಗೂನ ಎದ್ದೈತಿ ನೋಡ್ರಿ!"

"ಹಂಪಯ್ಯ, ಈಗಿಂದೀಗ ಶಾಲಿ ಕಡೆ ಹೊಂಡ್ರಿ. ತಗಡಿನ ಹೊತ್ತು ಹನ್ನೊಂದಕ್ಕ ಐತಿ."

"ನಾಲ್ಕೂವರಿ ಅಂದ್ರಲ್ರಿ? ಬದಲಿಲ್ಲ ಅಂತ ನೀವ ಹೇಳಿದ್ದು!"

"ನಂದ ತಪ್ಪು. ಲೆಕ್ಕ ತಪ್ಪೀನಿ. ಹೊಂಡ್ರಿ!"

ಹಂಪಯ್ಯ, "ನಾಲ್ಕು ಮಂದಿ ಪಂಪ್ ಬಿಚ್ಚಾಕ ಒಡ್ಡಿನ ತುದೀಗೆ ಹೋಗ್ಯಾರ್ರಿ. ಫೋನು ಇಲ್ಲೇ ಚಾರ್ಜಿಗೆ ಇಟ್ಟಾರ," ಎಂದ. ಅವನ ಹೆಂಡತಿ ಸುಗಲಮ್ಮ ಫೋನ್ ಕಸಿದುಕೊಂಡಳು. "ಮಂದೀನ ನಾ ಕರಕೊಂಡು ಹೋಗ್ತೀನ್ರಿ. ಇವ್ರು ಅವ್ರನ್ನ ಕರೀಲಿ. ನೀವು ಫೋನಿಡ್ರಿ." ಮತ್ತೆ ಆ ಫೋನ್ ಹತ್ತಲಿಲ್ಲ.

ಒಡ್ಡಿನ ತುದಿ ಶೆಡ್ಡಿನಿಂದ ಒಂದೂವರೆ ಕಿಲೋಮೀಟರ್. ಹಂಪಯ್ಯ ಎದುರುಗಾಳಿಗೆ ಅರ್ಧ ದಾರಿ ನಡೆದ, ಉಳಿದರ್ಧ ಜೇಡಿಮಣ್ಣಿನ ಮೇಲೆ ತೆವಳಿದ. ಮಳೆ ಅಡ್ಡಡ್ಡ ಬಂದು ಮುಖಕ್ಕೆ ಜಲ್ಲಿಕಲ್ಲಿನಂತೆ ಹೊಡೆಯಿತು. ಕಣ್ಣೆದುರೇ ಎರಡು ತೆಂಗಿನ ಮರ ನಡುವಿಗೆ ಮುರಿದು ಕೆರೆಗೆ ಬಿದ್ದವು. ನಾಲ್ವರೂ ಪಂಪಿನ ಕಬ್ಬಿಣದ ಚೌಕಟ್ಟನ್ನು ತಬ್ಬಿ ಕೂತಿದ್ದರು. ಎಲ್ಲರಿಗಿಂತ ಸಣ್ಣವನಾದ ಇಪ್ಪತ್ತಾರರ ಬಸು, "ಸಂಜೀತನ ಟೈಮೈತಿ ಅಂದಿದ್ಯಲ್ಲೋ ಮಾವಾ!" ಎಂದು ಚೀರಿದ. ಹಂಪಯ್ಯ ಪಂಪಿಗೆ ಕಟ್ಟಿದ್ದ ಹಗ್ಗ ಬಿಚ್ಚಿ ಐವರ ಸೊಂಟಕ್ಕೂ ಕಟ್ಟಿದ. ಅಲೆ ಒಡ್ಡನ್ನು ಎರಡು ಕಡೆ ಕೊರೆದಿತ್ತು. ಎದೆಮಟ್ಟದ ನೀರಿನಲ್ಲಿ ಒಬ್ಬೊಬ್ಬರಾಗಿ ದಾಟಿದರು. ಎರಡನೆಯ ಕಡೆ ನೀರು ಒಬ್ಬನನ್ನು ಎಳೆದುಕೊಂಡಿತು. ಬಸು ಹಗ್ಗ ಜಗ್ಗಿ ಅವನನ್ನು ದಡಕ್ಕೆ ತಂದ.

ಶಾಲೆಯ ದಾರಿ ಶೆಡ್ಡಿನ ಪಕ್ಕದಿಂದಲೇ ಹೋಗುತ್ತಿತ್ತು. ಅವರು ಅಲ್ಲಿಗೆ ಇನ್ನೂರು ಅಡಿ ದೂರದಲ್ಲಿದ್ದಾಗ ಶೆಡ್ಡು ಒಡೆಯಿತು. ಮೊದಲ ತಗಡು ಆಕಾಶಕ್ಕೆ ಹೋಯಿತು. ಎರಡನೆಯದು ನೆಲಕ್ಕೆ ಬಡಿದು ಮಡಚಿಕೊಂಡಿತು. ಮೂರನೆಯದು ಸೊಂಟದೆತ್ತರದಲ್ಲಿ ಕತ್ತಿಯಂತೆ ತಿರುಗುತ್ತ ಬಂದು ಹಂಪಯ್ಯನ ಎಡಗೈ ಸೀಳಿ, ಅವನ ಹಿಂದಿದ್ದ ಬಸುವಿನ ಹೊಟ್ಟೆಗೆ ಹೊಕ್ಕಿತು. ಹಂಪಯ್ಯ ಹಗ್ಗ ಕೊಯ್ಯಲಿಲ್ಲ. ಉಳಿದ ನಾಲ್ವರೂ ಬಸುವನ್ನು ಎಳೆದುಕೊಂಡೇ ಶಾಲೆಗೆ ಹೋದರು. ಸುಗಲಮ್ಮ ತನ್ನ ಸೀರೆ ಹರಿದು ಕಟ್ಟಿದಳು. ಬಟ್ಟೆ ನೆನೆಯುತ್ತಲೇ ಹೋಯಿತು. ಸ್ವಲ್ಪ ಹೊತ್ತಿಗೆ ಬಸು ಸತ್ತ.

ಮಲ್ಕಾಜ್‌ಗಿರಿಯಲ್ಲಿ ಆ ದಿನ ತುಂತುರು ಮಳೆ. ಅಮರಯ್ಯ ಮೇಜಿನಿಂದ ಏಳಲಿಲ್ಲ. ಗಂಟೆಗೊಂದು ಅಂಕಿ ಬರೆದರು. ಹನ್ನೊಂದರ ನಂತರ ಆ ಕೇಂದ್ರದಿಂದ ಅಂಕಿ ಬರುವುದೇ ನಿಂತಿತು.

ಹನ್ನೆರಡನೆಯ ದಿನ ಬಸುವಿನ ಅಣ್ಣ ಮೋಹನ ಬಂದ. ದಿಲ್‌ಸುಖ್‌ನಗರದಲ್ಲಿ ಟೈಲ್ಸ್ ಕೂಡಿಸುವ ಕೆಲಸ ಅವನದು. ಕೈಗೆ ಹೊಲಿಗೆ ಹಾಕಿಸಿಕೊಂಡ ಹಂಪಯ್ಯ ಜೊತೆಗಿದ್ದ. ಜಯಮ್ಮ ನೀರು ತರಲು ಒಳಗೆ ಹೋದರು. ಮೋಹನ ಮೇಜಿನ ಮೇಲಿದ್ದ ಕಂಪ್ಯೂಟರನ್ನು ಎತ್ತಿ ಗೋಡೆಗೆ ಬಡಿದ. ಆಮೇಲೆ ಅಮರಯ್ಯನ ಬಾಯಿಗೆ ಗುದ್ದಿದ. ಅವರು ಕುರ್ಚಿ ಸಮೇತ ಬಿದ್ದರು. ಮತ್ತೆ ಹೊಡೆದ. ಅವರು ಕೈ ಅಡ್ಡ ಹಿಡಿಯಲಿಲ್ಲ.

"ಸಾಕ ಬಿಡೋ ತಮ್ಮಾ, ಸತ್ತುಹೋಗ್ತಾರ!" ಜಯಮ್ಮ ನಡುವೆ ಬಂದು ನಿಂತರು.

ಮೋಹನ ಏದುಸಿರು ಬಿಡುತ್ತ ನೆಲಕ್ಕೆ ಕುಸಿದ. ಅಲ್ಲಿಂದಲೇ ಕೇಳಿದ: "ಒಂದ ಮಾತ ಹೇಳ್ರಿ. ನೀವು ಸೋಮವಾರ ಸಂಜಿ ಏಳಕ್ಕ ಖರೇ ಹೇಳಿದ್ರ, ನನ್ನ ತಮ್ಮಗ ಎಷ್ಟು ಹೊತ್ತು ಸಿಗ್ತಿತ್ತು?"

"ಅದನ್ಯಾಕ ಕೇಳ್ತೀಯೋ?" ಎಂದ ಹಂಪಯ್ಯ. "ಇವ್ರು ಫೋನ್ ಮಾಡಿದಾಗ ಇನ್ನೂ ಎರಡು ತಾಸಿತ್ತು. ಪಂಪಿಗೆ ಕಳಿಸಿದಂವ ನಾನು. ಸರ್ಕಾರದವ್ರು ಕೂಗಿದಾಗ ಹೊಂಡದಂವನೂ ನಾನು."

ಅಮರಯ್ಯ ಹಂಪಯ್ಯನಿಗೆ ಬೇಡ ಎಂಬಂತೆ ಕೈ ಮಾಡಿದರು. ಗೋಡೆ ಹಿಡಿದು ಎದ್ದು ಕೂತು, ಬಾಯಿಯ ರಕ್ತವನ್ನು ಅಂಗೈಯಿಂದ ಒರೆಸಿಕೊಂಡರು. ಮೋಹನನ ಮುಖ ನೋಡಿ ಹೇಳಿದರು:

"ಹದಿನಾರು ತಾಸು."