ಎರಡನೇ ಕೂ

ನಾನು ಚಿಕ್ಕವನಿದ್ದಾಗ ನಮಗೆ ಪೇಟೆ ಎಂದರೆ ಕೊಟ್ಟಿಗೆಹಾರ. ಅಲ್ಲಿದ್ದದ್ದು ಕೆಲವು ಅಂಗಡಿ, ಒಂದೆರಡು ಹೋಟೆಲು, ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲದ ಬಸ್ಸು, ಅಷ್ಟೇ. ಹಾಗಿರುವಾಗ ಒಂದು ದಿನ ಅಪ್ಪ ಊಟಕ್ಕೆ ಕುಳಿತು, "ಈ ಸಲ ಎಲ್ರೂ ಮಂಗಳೂರಿಗೆ ಹೋಗಿ ಒಂದು ರಾತ್ರಿ ಇದ್ದು ಬರಣ" ಎಂದುಬಿಟ್ಟ. ಅಕ್ಕ ತಟ್ಟೆ ಬಿಟ್ಟು ಎದ್ದೇ ನಿಂತಳು. ನನಗಾಗ ಆರು ವರ್ಷವಿರಬೇಕು. ಮಂಗಳೂರು ಎಂದರೆ ಏನೆಂದು ಗೊತ್ತಿಲ್ಲದಿದ್ದರೂ ಅಕ್ಕ ಕುಣಿದಳೆಂದು ನಾನೂ ಕುಣಿದೆ.

ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ರೈಟರ್ ಎಂದ ಕೂಡಲೇ ನನ್ನ ಮೊಮ್ಮಕ್ಕಳು, "ಕಥೆ ಬರೀತಿದ್ರಾ?" ಎಂದು ಕೇಳುತ್ತಾರೆ. ಕಥೆಯೂ ಇಲ್ಲ, ಕವನವೂ ಇಲ್ಲ. ಇವತ್ತು ಯಾರು ಕೆಲಸಕ್ಕೆ ಬಂದರು, ಯಾರು ಎಷ್ಟು ಹಣ್ಣು ಕೊಯ್ದರು ಎಂದು ಬರೆದಿಡುವವನೇ ನಮ್ಮ ಕಡೆ ರೈಟರ್. ಆ ವರ್ಷದ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಕಾಫಿಯೆಲ್ಲ ಲಾರಿ ಹತ್ತಿದ ಮೇಲೆ ತೋಟದ ಸಾಹುಕಾರ್ರು ಅಪ್ಪನಿಗೆ ಎರಡು ದಿನ ರಜೆ ಕೊಟ್ಟಿದ್ದರು.

ಹೊರಡುವ ದಿನ ಬೆಳಗಿನ ಚಳಿಗೆ ಅಮ್ಮ ನಮ್ಮಿಬ್ಬರಿಗೂ ಸ್ವೆಟರ್ ಹಾಕಿಸಿ, ಕಿವಿ ಮುಚ್ಚುವ ಹಾಗೆ ಟೋಪಿ ಕಟ್ಟಿದಳು. ಅಪ್ಪ ಮದುವೆಗೆ ಹೊಲಿಸಿದ್ದ ಕಪ್ಪು ಕೋಟನ್ನು ಟ್ರಂಕಿನಿಂದ ತೆಗೆದು ಹಾಕಿಕೊಂಡಿದ್ದ. ಅದರ ನುಸಿಗುಳಿಗೆಯ ವಾಸನೆ ಬಸ್ಸಿಗೆಲ್ಲ ಹರಡಿತು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ನನಗೆ ಹೊಟ್ಟೆ ತೊಳಸತೊಡಗಿತು. ಅಮ್ಮ ಕೊಟ್ಟ ನಿಂಬೆಹಣ್ಣನ್ನು ಮೂಸುತ್ತಾ ಕಣ್ಣು ಮುಚ್ಚಿ ಕುಳಿತೆ. ಘಟ್ಟ ಇಳಿದದ್ದೇ ತಡ, ಸೆಖೆ ಅಂದರೆ ಸೆಖೆ. ಮೊದಲು ಟೋಪಿ ಹೋಯಿತು, ಆಮೇಲೆ ಸ್ವೆಟರ್ ಹೋಯಿತು. ಅಪ್ಪ ಮಾತ್ರ ಬೆವರು ಒರೆಸಿಕೊಳ್ಳುತ್ತಾ ಕೋಟಿನೊಳಗೇ ಇದ್ದ.

"ಪ್ಯಾಟೇಲಿ ಯಾರೂ ಬಾಯ್ಬಿಟ್ಕಂಡು ನಿಲ್ಬೇಡಿ. ಮೆಲ್ಲಗೆ ಮಾತಾಡಿ. ಕಾಡಿಂದ ಎದ್ದು ಬಂದವ್ರು ಅಂತ ಯಾರೂ ನಗಬಾರ್ದು" ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಬಂದ.

ಅಪ್ಪನ ಮಾತನ್ನು ಮೊದಲು ಮೀರಿದವನು ಅಪ್ಪನೇ. ಹೋಟೆಲಿನಲ್ಲಿ ಕಾಫಿಯ ಮೊದಲ ಗುಟುಕು ಕುಡಿದವನೇ ಲೋಟ ಕೆಳಗಿಟ್ಟು, "ಕಾಫಿ ಒಂದು ಬಿಟ್ಟು ಬಾಕಿ ಎಲ್ಲಾ ಇದೆ ಇದ್ರಲ್ಲಿ" ಎಂದು ಎಷ್ಟು ಜೋರಾಗಿ ಹೇಳಿದನೆಂದರೆ ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು. ಊಟಕ್ಕೆ ದಪ್ಪನೆಯ ಕೆಂಪು ಅನ್ನ, ಮೇಲೆ ಖಾರದ ಮೀನು. ಆಮೇಲೆ ಸಮುದ್ರ ನೋಡಲು ಹೋದೆವು. ಅಮ್ಮ ಒಂದು ಬೊಗಸೆ ನೀರೆತ್ತಿ ನಾಲಿಗೆಗೆ ಮುಟ್ಟಿಸಿಕೊಂಡು, ಇಷ್ಟೊಂದು ಉಪ್ಪು ಇಲ್ಲಿ ಸುಮ್ಮನೆ ಬಿದ್ದಿದೆಯಲ್ಲ ಎಂದು ನಿಜವಾಗಿಯೂ ಬೇಜಾರು ಮಾಡಿಕೊಂಡಳು. ಅಕ್ಕನೂ ನಾನೂ ಅಲೆ ಬಂದಾಗ ಓಡಿ, ಹೋದಾಗ ಅಟ್ಟಿಸಿಕೊಂಡು ಹೋಗಿ, ಮೊಣಕಾಲಿನವರೆಗೆ ಮರಳು ಮೆತ್ತಿಕೊಂಡೆವು.

ಮುಸ್ಸಂಜೆಗೆ ಮಾರ್ಕೆಟ್ಟಿಗೆ ಬಂದೆವು. ಅಮ್ಮನೂ ಅಕ್ಕನೂ ಬಳೆ ಅಂಗಡಿಯಲ್ಲಿ ಬಗ್ಗಿ ನಿಂತಿದ್ದರು. ಅಪ್ಪ ಕೋಟಿನ ಜೇಬಿಗೆ ಕೈ ಹಾಕಿಕೊಂಡು ಪೇಟೆಯವರ ಹಾಗೆ ನಿಂತಿದ್ದ. ಆಗ ನನ್ನ ಮುಂದೆಯೇ ಒಂದು ಕೈಗಾಡಿ ಹೋಯಿತು. ಅದರ ಮೇಲೆ ಮರದ ಹೊಟ್ಟು ಮೆತ್ತಿದ, ನನ್ನಷ್ಟೇ ಉದ್ದದ ಮಂಜುಗಡ್ಡೆ. ನನಗೆ ಗೊತ್ತಿದ್ದದ್ದು ಏಪ್ರಿಲ್ ಮಳೆಯ ಆಲಿಕಲ್ಲು ಮಾತ್ರ, ಓಡಿ ಹೋಗಿ ಹೆಕ್ಕುವಷ್ಟರಲ್ಲಿ ಕೈಯಲ್ಲೇ ನೀರಾಗುವಂಥದ್ದು. ಇಷ್ಟು ದೊಡ್ಡ ಆಲಿಕಲ್ಲು ಎಲ್ಲಿ ಬಿದ್ದಿತ್ತೋ, ಯಾರ ತಲೆಯ ಮೇಲೆ ಬಿದ್ದಿತ್ತೋ ಎಂದುಕೊಳ್ಳುತ್ತಾ ಗಾಡಿಯ ಹಿಂದೆಯೇ ನಡೆದೆ. ಹಿಂದಿನಿಂದ ಬೆರಳು ತಾಗಿಸಿ ನೋಡಿದೆ. ಬೆರಳು ಜುಂ ಎಂದಿತು. ಮತ್ತೆ ತಾಗಿಸಿದೆ.

ಗಾಡಿ ಮೀನಿನ ಅಂಗಡಿಯೊಂದರ ಮುಂದೆ ನಿಂತಾಗಲೇ ನಾನು ಹಿಂತಿರುಗಿ ನೋಡಿದ್ದು. ಅಪ್ಪ ಇಲ್ಲ, ಅಮ್ಮ ಇಲ್ಲ, ಬಳೆ ಅಂಗಡಿಯೇ ಇಲ್ಲ. ಸುತ್ತ ಬರೀ ಕಾಲುಗಳು, ಬುಟ್ಟಿಗಳು, ಮೀನಿನ ವಾಸನೆ, ನನಗೆ ತಿಳಿಯದ ತುಳು ಮಾತು. ನನಗೆ ತುಂಬಾ ಹೆದರಿಕೆಯಾಯಿತು. ಇನ್ನು ಮೇಲೆ ಈ ಊರಿನಲ್ಲೇ, ಈ ಸೆಖೆಯಲ್ಲೇ ಬದುಕಬೇಕು ಎಂದುಕೊಂಡೆ. ಬಾಳೆಹಣ್ಣು ಮಾರುವ ಹೆಂಗಸೊಬ್ಬಳು ನನ್ನ ಮುಖ ನೋಡಿ ಹತ್ತಿರ ಕರೆದು, ಕನ್ನಡದಲ್ಲೇ ಕೇಳಿದಳು.

"ನಿನ್ನ ಅಪ್ಪ ಅಮ್ಮ ಎಲ್ಲಿದ್ದಾರೆ ಮಗಾ? ಅಳ್ಬೇಡ ಆಯ್ತಾ, ಇಲ್ಲೇ ನನ್ನ ಹತ್ರ ಕೂತ್ಕೋ."

ನಾನು ಅವಳ ಬುಟ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಕುಳಿತೆ. ಆಗ ದೂರದಿಂದ ಕೇಳಿತು: "ಕೂ..."

ನಮ್ಮ ಕಡೆ ತೋಟದಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕಾಫಿ ಗಿಡಗಳ ನಡುವೆ ಹೆಸರು ನಾಲ್ಕು ಮಾರು ಹೋಗುವುದರೊಳಗೆ ಸತ್ತುಹೋಗುತ್ತದೆ. ಬಾಯಿಗೆ ಕೈ ಅಡ್ಡ ಹಿಡಿದು "ಕೂ" ಎಂದು ನೀಳವಾಗಿ ಕೂಗಿದರೆ ಮಾತ್ರ ಆಚೆ ಗುಡ್ಡಕ್ಕೂ ಮುಟ್ಟುತ್ತದೆ. ಕೇಳಿದವರು ತಿರುಗಿ ಕೂ ಹಾಕಬೇಕು. ನನಗೂ ಕೂ ಹಾಕಲು ಚೆನ್ನಾಗಿಯೇ ಬರುತ್ತಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ.

ಯಾಕೆಂದರೆ ಅಕ್ಕ ನನಗೆ ಒಂದು ವಿಷಯ ಹೇಳಿಕೊಟ್ಟಿದ್ದಳು. ಹೊತ್ತು ಮುಳುಗುವಾಗ ಒಂದೇ ಸಲ ಕೇಳುವ ಕೂಗಿಗೆ ಓಗೊಡಬಾರದು. ಅದು ದೆವ್ವದ ಕೂಗು, ಓಗೊಟ್ಟರೆ ಕರೆದುಕೊಂಡು ಹೋಗುತ್ತದೆ. ಮನುಷ್ಯರಾದರೆ ಎರಡನೇ ಸಲ ಕೂಗುತ್ತಾರೆ. ಈಗಲೂ ಹೊತ್ತು ಮುಳುಗುತ್ತಿತ್ತು. ನಾನು ಉಸಿರು ಬಿಗಿಹಿಡಿದು ಎರಡನೇ ಕೂಗಿಗೆ ಕಾದೆ. ಅದು ಬರಲಿಲ್ಲ.

ಅತ್ತ ಆದದ್ದೇನೆಂದು ಆಮೇಲೆ ಅಕ್ಕನೇ ಹೇಳಿದಳು. ಅಪ್ಪ ಗಾಬರಿಯಲ್ಲಿ ಒಂದು ಕೂ ಹಾಕಿದ್ದನಂತೆ. ಸುತ್ತಲಿನವರು ತಿರುಗಿ ನೋಡಿದ್ದೇ ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡನಂತೆ. ನಾನು ಓಗೊಡಲಿಲ್ಲವಲ್ಲ, ಹಾಗಾದರೆ ಹುಡುಗ ಈ ಕಡೆ ಇಲ್ಲವೆಂದು ಬಸ್‌ಸ್ಟ್ಯಾಂಡಿನತ್ತ ಓಡಲು ಹೊರಟನಂತೆ. ಆಗ ಅಕ್ಕ ಅಳುತ್ತಾ ಅವನ ಕೋಟು ಹಿಡಿದೆಳೆದಳು.

"ಒಂದೇ ಸಲ ಕೂಗಿದ್ರೆ ಅವ್ನು ಓ ಅನ್ನಲ್ಲ ಅಪ್ಪಾ. ನಾನೇ ಹೇಳ್ಕೊಟ್ಟಿದ್ದು."

ಅಪ್ಪ ಅತ್ತಿತ್ತ ನೋಡಿದ. ಅಮ್ಮ ಯಾರನ್ನೂ ನೋಡಲಿಲ್ಲ. ಇಡೀ ದಿನ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡೇ ಮಾತಾಡಿದ್ದ ನಮ್ಮಮ್ಮ ಬಳೆಗಳನ್ನು ಅಂಗಡಿಯವನ ಕೈಗೆ ತುರುಕಿ, ನಡುರಸ್ತೆಗೆ ಬಂದು, ಎರಡೂ ಕೈ ಬಾಯಿಗಿಟ್ಟು ಕೂ ಹಾಕಿದಳು. ಅಡುಗೆಮನೆಯ ಹಿಂದೆ ನಿಂತು ಎಸ್ಟೇಟಿನ ಆಚೆ ತುದಿಯಲ್ಲಿದ್ದ ಅಪ್ಪನನ್ನು ಊಟಕ್ಕೆ ಕರೆಯುತ್ತಿದ್ದ ಕೂ ಅದು. ಬಾಳೆಹಣ್ಣಿನವಳು ಬೆಚ್ಚಿಬಿದ್ದಳು. ನಾನು ಬುಟ್ಟಿ ಬಿಟ್ಟು ಎದ್ದು, ಗಂಟಲು ಹರಿಯುವ ಹಾಗೆ ತಿರುಗಿ ಕೂ ಹಾಕಿದೆ. ಅಮ್ಮ ಹಾಕಿದಳು, ನಾನು ಹಾಕಿದೆ. ಹಾಗೆ ಹಾಕುತ್ತಾ ಹಾಕುತ್ತಾ ಜನರ ಸಂದಿಯಿಂದ ಅವಳ ಸೀರೆ ಕಾಣಿಸಿತು. ಅಷ್ಟು ಹೊತ್ತು ಬಾರದಿದ್ದ ಅಳು ಆಗ ಬಂತು.

"ಏ ಮಾರಾಯ, ಎಲ್ಲಿ ಸತ್ತಿದ್ಯೋ?" ಎಂದು ಅಕ್ಕ ನನ್ನ ತಲೆಗೊಂದು ಮೊಟಕಿ, ಆಮೇಲೆ ಕೈಯನ್ನು ಬಿಡಲೇ ಇಲ್ಲ. ಬಾಳೆಹಣ್ಣಿನವಳು ಎಲ್ಲರಿಗೂ ಒಂದೊಂದು ಹಣ್ಣು ಕೊಟ್ಟಳು. ಸುತ್ತ ನಿಂತವರು ನಗುತ್ತಿದ್ದರು. ಅಂಗಡಿಯ ಹುಡುಗರು ಆಗಲೇ ಕೂ ಕೂ ಎಂದು ಅಣಕಿಸಲು ಶುರುಮಾಡಿದ್ದರು. ಅಪ್ಪ ಕೊನೆಗೂ ಕೋಟು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

"ಸರಿ ಹೋಯ್ತು, ಇಡೀ ಮಂಗಳೂರಿಗೆ ಗೊತ್ತಾಯ್ತಲ್ಲ ನಾವು ಯಾವ ಕಡೆಯವ್ರು ಅಂತ" ಎಂದ. ನಾಚಿಕೆಯಿಂದ ಹೇಳಿದ್ದೆಂದು ನನಗೆ ಅನ್ನಿಸಲಿಲ್ಲ. ಅಮ್ಮ ಮಾತ್ರ ಮತ್ತೆ ಸೆರಗು ಬಾಯಿಗೆ ಹಿಡಿದುಕೊಂಡಿದ್ದಳು. ಮರುದಿನ ಬಸ್ಸು ಘಟ್ಟ ಹತ್ತಿ ತಣ್ಣನೆ ಗಾಳಿ ಬೀಸಿದಾಗ ಅಪ್ಪ ಅವಳ ಕಡೆ ತಿರುಗಿ, "ಎಂಥ ಕೂ ಮಾರಾಯ್ತಿ ಅದು" ಎಂದ. ಅವಳು ಕಿಟಕಿಯಾಚೆ ನೋಡುತ್ತಾ ನಕ್ಕಳು.

ಈಗ ನನ್ನ ಮೊಮ್ಮಕ್ಕಳು ಕಳೆದುಹೋಗುವುದೇ ಇಲ್ಲ. ಯಾರು ಎಲ್ಲಿದ್ದಾರೆಂದು ಫೋನಿನಲ್ಲಿ ಒಂದು ನೀಲಿ ಚುಕ್ಕೆ ತೋರಿಸುತ್ತದೆ. ಒಳ್ಳೆಯದೇ ಆಯಿತು, ನಾನು ಪಟ್ಟ ಹೆದರಿಕೆ ಅವರಿಗೆ ಬೇಡ. ಆದರೆ ಜನರ ತಲೆಗಳ ಮೇಲಿಂದ ಒಂದು ದನಿ ನನ್ನನ್ನೇ ಹುಡುಕಿಕೊಂಡು ಬಂದಾಗ ಆದ ಖುಷಿಯನ್ನು ಅವರಿಗೆ ಹೇಗೆ ಹೇಳುವುದೆಂದು ತಿಳಿಯದೆ ಇದನ್ನೆಲ್ಲ ಬರೆಯಬೇಕಾಯಿತು.

ಕಳೆದ ರಜೆಯಲ್ಲಿ ಅವರೆಲ್ಲ ನನ್ನನ್ನು ಎರಡು ದಿನ ಮೈಸೂರಿಗೆ ಕರೆದುಕೊಂಡು ಹೋಗಿದ್ದರು. ದೊಡ್ಡ ಅಂಗಡಿಯೊಂದರಲ್ಲಿ ಅವರು ಮುಂದೆ ಹೋದರು, ನಾನು ಹಿಂದೆ ಉಳಿದೆ. ಜೇಬಿನಲ್ಲಿ ಫೋನ್ ಬಡಿದುಕೊಂಡು ಸುಮ್ಮನಾಯಿತು. ಹುಡುಕಿಕೊಂಡು ಬಂದ ಮೊಮ್ಮಗಳು ಸೊಂಟಕ್ಕೆ ಕೈಯಿಟ್ಟು, "ಯಾಕೆ ಎತ್ತಲಿಲ್ಲ ಅಜ್ಜಾ?" ಎಂದು ಜೋರು ಮಾಡಿದಳು. "ನೀನು ಒಂದೇ ಸಲ ಮಾಡಿದ್ಯಲ್ಲೇ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಐಸ್‌ಕ್ರೀಮ್ ತಿನ್ನುತ್ತಾ ಈ ಕಥೆ ಹೇಳಿದೆ. ಈಗ ನನ್ನ ಮೊಮ್ಮಕ್ಕಳು ನನಗೆ ಫೋನ್ ಮಾಡಬೇಕಾದರೆ ಒಂದು ರಿಂಗ್ ಕೊಟ್ಟು ಕಟ್ ಮಾಡಿ, ಮತ್ತೆ ಮಾಡುತ್ತಾರೆ. ಎರಡನೆಯದಕ್ಕೆ ನಾನು ಓಗೊಡುತ್ತೇನೆ.