ಕಣ್ಣು ಬರೆಯುವ ಕುಂಚ

ದೊಡ್ಡವ್ವನ ಬಲಗೈ ಹೆಬ್ಬೆರಳಿನ ಉಗುರಲ್ಲಿ ಹುಣಸೆಬೀಜದ ಅಂಟು ಸದಾ ಒಣಗಿ ಕೂತಿರುತ್ತಿತ್ತು. ರೊಟ್ಟಿ ಬಡಿಯುವ ಮುಂಚೆ ಕಡ್ಡಿಯಿಂದ ಕೆದರಿ ತೆಗೆಯುವಳು, ಉಂಡೆದ್ದ ಮೇಲೆ ಮತ್ತೆ ಮೆತ್ತಿಕೊಳ್ಳುವಳು. ಕಿನ್ನಾಳದಲ್ಲಿ ಅವಳ ಮರದ ಗೊಂಬೆಗಳಿಗೆ ಹೆಸರಿತ್ತು. ತಾಯಿಯಿಲ್ಲದ ನಾನು ಬೆಳೆದದ್ದು ಅವಳ ಬಳಿಯೇ. ಐದು ವರ್ಷ ಮರ ಉಜ್ಜಿದೆ, ಬಿರುಕಿಗೆ ಅಂಟು ತುಂಬಿದೆ, ಬಿಳಿ ಬಳಿದೆ. ಕಣ್ಣು ಬರೆಯಲು ಮಾತ್ರ ಕೊಡಲಿಲ್ಲ. ಗೊಂಬೆಗೆ ಕಣ್ಣು ಕೊನೆಯ ಕೆಲಸ. ಕಣ್ಣು ಬರೆದವರದೇ ಗೊಂಬೆ ಎಂದು ನಮ್ಮಲ್ಲಿ ಮಾತು. ಕೇಳಿದರೆ, "ಕೈ ಇನ್ನೂ ಕುಂತಿಲ್ಲ, ತಡಿ" ಎನ್ನುವಳು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ತಾವರಗೇರಾದಿಂದ ಅವಳ ಗೆಳತಿಯ ಮಗಳನ್ನು ನಮ್ಮ ಮನೆಗೆ ತಂದು ಬಿಟ್ಟುಹೋದರು. ತನ್ನ ಕೂಸು ಬಾವಿಗೆ ಬಿದ್ದು ಸತ್ತ ಮೇಲೆ ಆಕೆ ಮಾತೇ ಬಿಟ್ಟಿದ್ದಳು, ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ದೊಡ್ಡವ್ವ ಸಮಾಧಾನದ ಮಾತೊಂದೂ ಆಡದೆ ಒಂದು ಕೂಸಿನ ಗೊಂಬೆ, ಬಣ್ಣದ ಚಿಪ್ಪು ಮುಂದಿಟ್ಟಳು; ಕಣ್ಣು ಬರೆಯುವ ಅಳಿಲುಕೂದಲ ಕುಂಚವನ್ನೂ ಇಟ್ಟಳು! ಆಕೆ ಗೊಂಬೆಯ ಮೈಗೆಲ್ಲ ಬಣ್ಣ ಹಚ್ಚಿ, ಕಣ್ಣಿನ ಹತ್ತಿರ ಬಂದೊಡನೆ ಎಲ್ಲ ಅಳಿಸುವಳು. ದಿನಾ ಅದೇ ಗೊಂಬೆ. ದಿನಾ ಅದಕ್ಕೆ ಬಿಳಿ ಬಳಿಯುವವಳು ನಾನು. ಹೊಟ್ಟೆ ಉರಿದುಹೋಯಿತು.

"ನನಗ ಒಮ್ಮೆರ ಕೊಟ್ಟೀಯೇನು ಆ ಕುಂಚ?" ಎಂದು ಜಗಳಕ್ಕೆ ನಿಂತೆ.

"ನಿಂದು ಛಂದ ಆಗ್ಲಿ ಅಂತ ತಡದೀನಿ. ಆಕಿದು ಛಂದ ಆಗೂದು ಬ್ಯಾಡ, ಮುಗದ್ರ ಸಾಕು" ಎಂದಳು.

ನನಗದು ತಲೆಗೆ ಹೋಗಲಿಲ್ಲ. ಅವರಿಬ್ಬರೂ ನೀರು ತರಲು ಹೋದಾಗ ಆ ಗೊಂಬೆಗೆ ನಾನೇ ಕಣ್ಣು ಬರೆದೆ. ದೊಡ್ಡ, ಹೊಳೆಯುವ, ತೆರೆದ ಕಣ್ಣು. ಸೇಡಿಗೆ ಬರೆದರೂ ಛಲೋ ಬಂದಿತ್ತು. ಮರಳಿ ಬಂದ ಆಕೆ ಅದನ್ನು ನೋಡಿ ಕೊಡ ಕೈಬಿಟ್ಟಳು. ಮತ್ತೆ ಗೋಡೆ ಹಿಡಿದಳು, ಎಂಟು ದಿನ ಕುಂಚ ಮುಟ್ಟಲಿಲ್ಲ.

ದೊಡ್ಡವ್ವ ಬೈಯಲಿಲ್ಲ. "ನೀನ ಕೆರದು ತಗಿ" ಎಂದಳಷ್ಟೆ. ನನ್ನ ಮೊದಲ ಕಣ್ಣುಗಳನ್ನು ನಾನೇ ಕೆರೆದು, ಬಿಳಿ ಬಳಿದು, ಆಕೆಯ ಪಕ್ಕ ಇಟ್ಟುಬಂದೆ.

ಒಂಬತ್ತನೆಯ ದಿನ ಆಕೆ ಕುಂಚ ಹಿಡಿದಳು. ಮುಖದ ಮೇಲೆ ಎರಡೇ ಗೆರೆ ಎಳೆದಳು, ಮುಚ್ಚಿದ ರೆಪ್ಪೆ. "ಕೂಸು ಮಲ್ಕೊಂಡೈತಿ" ಎಂದಳು. ನಾವು ಕೇಳಿದ ಆಕೆಯ ಮೊದಲ ಮಾತು ಅದು. ದೊಡ್ಡವ್ವ ಆಕೆಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ನನ್ನ ತಲೆ ಎಂದೂ ಅಲ್ಲಿಗೆ ಹೋಗಿರಲಿಲ್ಲ.

ಮರುವರ್ಷ ಕುಂಚ ನನ್ನ ಕೈಗೂ ಬಂತು. ಇಂದಿಗೂ ನನ್ನ ಅನ್ನ ಅದರಿಂದಲೇ. ಕೆಲವು ವರ್ಷಗಳ ಬಳಿಕ ದೊಡ್ಡವ್ವ ತೀರಿಕೊಂಡಾಗ ಊರಿಗೆ ಮರಳಿದ್ದ ಆಕೆ ತಾವರಗೇರಾದಿಂದ ಓಡಿಬಂದು, ಹೆಣದ ಮೇಲೆ ಬಿದ್ದು, "ಯವ್ವಾ" ಎಂದು ಅತ್ತಳು. ಅಷ್ಟು ವರ್ಷ ಆ ಮನೆಯಲ್ಲಿದ್ದೂ ನಾನು ಒಮ್ಮೆಯೂ ಹಾಗೆ ಕರೆದಿರಲಿಲ್ಲ. ನನಗೆ ಅಳು ಆಮೇಲೆ ಬಂತು, ಮೊದಲು ಬಂದದ್ದು ಹೊಟ್ಟೆಕಿಚ್ಚು.