ಕಸದ ತೊಟ್ಟಿಯಿಂದ ಎತ್ತಿದ ಗವರ್ನರನ ಕಡತ

ಬೆಳಕು ಹರಿಯುವ ಹೊತ್ತು. ಕ್ಯಾಲಿಫೋರ್ನಿಯಾದ ನೆವಾರ್ಕಿನ ಒಂದು ಮನೆಯ ಗರಾಜಿನಲ್ಲಿ ಲೈಟು ಉರಿಯುತ್ತಿದೆ. ಕಾರು ಹೊರಗೆ 2001ರ ಮಾರ್ಚ್ ಮಳೆಯಲ್ಲಿ ನಿಂತಿದೆ. ಅದು ನಿಲ್ಲಬೇಕಾದ ಜಾಗದಲ್ಲಿ ಉದ್ದನೆಯ ಹಲಗೆ, ಹಲಗೆಯ ಮೇಲೆ ಹಳೆಯ ಪಂಚೆ, ಪಂಚೆಯ ಮೇಲೆ ಒದ್ದೆ ಕಾಗದಗಳು. ಭದ್ರಮ್ಮ ಉಸಿರು ಬಿಗಿಹಿಡಿದು, ಅಂಟಿಕೊಂಡ ಎರಡು ಹಾಳೆಗಳ ನಡುವೆ ಬೆಣ್ಣೆ ಸವರುವ ಚಾಕುವನ್ನು ಮೆಲ್ಲಗೆ ತೂರಿಸುತ್ತಾರೆ. ಹಾಳೆ ಬಿಟ್ಟುಕೊಳ್ಳುತ್ತದೆ. ಅದರ ಮೇಲೆ ಟಿಶ್ಯೂ ಹಾಸಿ ಅಂಗೈಯಿಂದ ಒತ್ತುತ್ತಾರೆ.

"ಈಗ ಮಾತಾಡಿಸ್ಬ್ಯಾಡಿ," ಎನ್ನುತ್ತಾರೆ, ಸುದ್ದಿ ಬರೆಯಲು ಬಂದ ನನ್ನ ಕಡೆ ನೋಡದೆ. "ಒಣಗದೆ ಡಬ್ಬಕ್ ಹಾಕುದ್ರೆ ಬೂಷ್ಟು ಹಿಡೀತದೆ. ಕೊರಿಯರ್‌ನೋರು ಬೆಳಿಗ್ಗೇನೆ ಬತ್ತಾರೆ."

ಈ ಕಾಗದಗಳು ನ್ಯೂಜಿಲೆಂಡಿನವು. ಸುಮಾರು ತೊಂಬತ್ತು ವರ್ಷ ಹಿಂದೆ ಅಲ್ಲಿನ ಗವರ್ನರನ ಕಚೇರಿಗೂ ಲಂಡನ್ನಿಗೂ ನಡೆದ ಪತ್ರವ್ಯವಹಾರ. ಆಗ ನ್ಯೂಜಿಲೆಂಡ್ ಒಂದು ಡೊಮಿನಿಯನ್. ಒಳಗಿನ ಆಡಳಿತ ಅಲ್ಲಿಯವರದೇ, ಆದರೆ ಕೆಲವು ವಿಷಯಗಳಲ್ಲಿ ಬ್ರಿಟಿಷ್ ಸರ್ಕಾರದ ಒಪ್ಪಿಗೆ ಬೇಕು. ರಾಜಧಾನಿ ವೆಲ್ಲಿಂಗ್‌ಟನ್ನಿನ ಮಂತ್ರಿಗಳು ಗವರ್ನರನಿಗೆ ಹೇಳುತ್ತಾರೆ, ಗವರ್ನರ್ ಲಂಡನ್ನಿಗೆ ಬರೆಯುತ್ತಾನೆ, ಲಂಡನ್ ಯೋಚಿಸುತ್ತದೆ.

"ನಮ್ ತಾಲ್ಲೂಕ್ ಆಫೀಸು ಬೆಂಗ್ಳೂರ್ನ ಕೇಳ್ದಂಗೆಯ," ಎಂದು ಭದ್ರಮ್ಮ ಆಮೇಲೆ ನನಗೆ ವಿವರಿಸಿದರು. "ಇದು ಹಡಗಲ್ಲಿ ಹೋಗಿ ಹಡಗಲ್ಲಿ ಬರದು, ಅಷ್ಟೆ."

ಆ ಗವರ್ನರನ ಕಾರ್ಯದರ್ಶಿಯಾಗಿದ್ದವನ ಮೊಮ್ಮಕ್ಕಳು ಮನೆಯಲ್ಲಿದ್ದ ಈ ಪ್ರತಿಗಳನ್ನು ಮಿಲ್ಪಿಟಾಸಿನ ಒಂದು ಸಣ್ಣ ಕಂಪನಿಗೆ ಕಳಿಸಿದ್ದರು. ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕುವ ಕಂಪನಿ ಅದು. ತುಕ್ಕು ಹಿಡಿದ ಗುಂಡುಸೂಜಿ ಬಿಡಿಸುವುದು, ಮಡಿಕೆ ಸರಿಮಾಡುವುದು, ಯಂತ್ರದ ಗಾಜಿನ ಮೇಲೆ ಇಡುವುದು ಭದ್ರಮ್ಮನ ಕೆಲಸ. ಮಂಡ್ಯದ ಒಂದು ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ ಕೈ ಅದು. ಗಂಡ ಜಯರಾಮ್ ಹೋಟೆಲಿನ ಅಡುಗೆಗೆಂದು ಮೊದಲೇ ಇಲ್ಲಿಗೆ ಬಂದವರು. ಹೆಂಡತಿಗೆ ವೀಸಾ ಸಿಗಲು ವರ್ಷಗಳೇ ಹಿಡಿದವು.

ಅದಕ್ಕೇ ಇರಬೇಕು, ಒಂದು ಕಡತ ಅವರನ್ನು ಹಿಡಿದು ನಿಲ್ಲಿಸಿತು. ಆಕ್ಲೆಂಡಿನಲ್ಲಿ ತರಕಾರಿ ಮಾರುವ ಒಬ್ಬ ಗುಜರಾತಿ ತನ್ನ ಹೆಂಡತಿಯನ್ನು ಕರೆಸಿಕೊಳ್ಳಲು ಅನುಮತಿ ಕೇಳಿದ್ದಾನೆ. ಬೇಡವೆನ್ನಬಹುದೇ ಎಂದು ವೆಲ್ಲಿಂಗ್‌ಟನ್ ಕೇಳುತ್ತದೆ. ಹೆಂಡತಿಯನ್ನು ತಡೆಯುವುದು ಸರಿಯಲ್ಲ ಎಂದು ಲಂಡನ್ ಬರೆಯುತ್ತದೆ. ಮತ್ತೆ ಪ್ರಶ್ನೆ, ಮತ್ತೆ ಉತ್ತರ.

"ಅಷ್ಟ್ ಕಾಗ್ದದಲ್ಲೂ ಆವಮ್ಮನ್ ಹೆಸ್ರೇ ಇಲ್ಲ. ಹೆಂಡ್ತಿ ಅಂತ ಅಷ್ಟೆಯ. ಬಂದ್ಳಾ ಇಲ್ವಾ ಅಂತ ದಿನಾ ಒಂದೊಂದ್ ಹಾಳೆ ನೋಡ್ಕಂಡ್ ಹೋಯ್ತಿದ್ದೆ."

ಕಡತ ಮುಗಿಯುವ ಮೊದಲೇ ಕಂಪನಿ ಮುಗಿಯಿತು. ಈ ಚಳಿಗಾಲದಲ್ಲಿ ಸುತ್ತಮುತ್ತ ಎಷ್ಟೋ ಇಂಟರ್ನೆಟ್ ಕಂಪನಿಗಳು ಹಾಗೆಯೇ ಹೋಗಿವೆ. ಮೊನ್ನೆ ಬೆಳಿಗ್ಗೆ ತಮ್ಮ ಚಹಾ ಲೋಟ, ಸ್ವೆಟರು ತರಲೆಂದು ಭದ್ರಮ್ಮ ಗಂಡನ ಜೊತೆ ಹೋದರೆ, ಬಾಗಿಲಿಗೆ ಹೊಸ ಬೀಗ. ಹಿತ್ತಲಿನ ಕಬ್ಬಿಣದ ಕಸದ ತೊಟ್ಟಿಯಲ್ಲಿ ಮುರಿದ ಕುರ್ಚಿಗಳ ಕೆಳಗೆ ಗವರ್ನರನ ಡಬ್ಬಗಳು ನೆನೆಯುತ್ತಿವೆ.

ಕಟ್ಟಡದ ಉಸ್ತುವಾರಿ ನೋಡುವಾತ ಹತ್ತಿರ ಬರಗೊಡಲಿಲ್ಲ. ಒಳಗಿದ್ದದ್ದೆಲ್ಲ ಕಂಪನಿಯದು, ಬಾಡಿಗೆ ಕಟ್ಟಿಲ್ಲ, ಎಲ್ಲವೂ ಹೋಗಲಿದೆ ಎಂದ. ಇದು ಕಂಪನಿಯದಲ್ಲ ಎಂದು ಭದ್ರಮ್ಮ ತಮಗೆ ಬಂದ ಇಂಗ್ಲಿಷಿನಲ್ಲಿ ಹೇಳಿದರು. ಕಂಪನಿಯ ಯಾರಾದರೂ ಅಧಿಕಾರಿ ಬಂದು ಹೇಳಲಿ ಎಂದ ಆತ.

ಭದ್ರಮ್ಮ ಮ್ಯಾನೇಜರ್ ಆಗಿದ್ದ ರಂಜನಿಗೆ ಫೋನು ಮಾಡಿದರು. ಮೈಸೂರಿನ ರಂಜನಿಗೂ ಹಿಂದಿನ ವಾರವಷ್ಟೇ ಕೆಲಸ ಹೋಗಿತ್ತು.

"ಭದ್ರಮ್ಮ, ಯಾರೂ ಏನೂ ಮುಟ್ಬಾರ್ದು ಅಂತ ಲಾಯರು ಹೇಳಿದಾರೆ. ನನ್ ವೀಸಾ ಬೇರೆ ತೂಗಾಡ್ತಿದೆ. ಹೊಸ ಕೆಲ್ಸಕ್ಕೆ ಇವ್ರದೇ ರೆಫರೆನ್ಸು ಬೇಕು. ಬಿಟ್ಬಿಡಿ, ಪ್ಲೀಸ್."

"ನಾನಂತೂ ಇಲ್ಲಿಂದ ಹೋಗಕಿಲ್ಲ ಮೇಡಂ. ನೀವ್ ಬತ್ತೀರೋ ಇಲ್ವೋ, ಅಷ್ಟ್ ಹೇಳಿ."

ಆ ಕಡೆ ಫೋನು ಕಟ್ಟಾಯಿತು. ಅಷ್ಟರಲ್ಲಿ ಕಸದ ಲಾರಿ ಬಂತು. ಭದ್ರಮ್ಮ ಲಾರಿಗೂ ತೊಟ್ಟಿಗೂ ನಡುವೆ ಹೋಗಿ ನಿಂತರು. ಡ್ರೈವರ್ ಹಾರ್ನ್ ಒತ್ತಿದ. ಉಸ್ತುವಾರಿಯಾತ ಪೊಲೀಸರಿಗೆ ಹೇಳುತ್ತೇನೆಂದು ಫೋನು ತೆಗೆದ. "ಬಾರೆ, ಜೈಲಿಗ್ ಹಾಕ್ತಾರೆ," ಎಂದು ಜಯರಾಮ್ ತೋಳು ಹಿಡಿದು ಎಳೆದರು. ಹೆಂಡತಿ ಕದಲದಿದ್ದಾಗ, ಸ್ವಲ್ಪ ಹೊತ್ತು ನೋಡಿ, ತಾವೂ ಪಕ್ಕದಲ್ಲಿ ನಿಂತರು.



ಪೊಲೀಸರಿಗಿಂತ ಮುಂಚೆ ಬಂದದ್ದು ರಂಜನಿಯ ಕಾರು. ಮನೆಯಲ್ಲಿ ಉಟ್ಟ ಬಟ್ಟೆಯಲ್ಲೇ ಇಳಿದ ಆಕೆ, ಈ ಡಬ್ಬಗಳು ಗ್ರಾಹಕರವು, ಬರಮಾಡಿಕೊಂಡು ರುಜು ಹಾಕಿದವಳು ನಾನೇ ಎಂದು ಹೇಳಿ, ಮತ್ತೊಮ್ಮೆ ರುಜು ಹಾಕಿಕೊಟ್ಟರು. ಉಸ್ತುವಾರಿಯಾತ ಗಡಿಯಾರ ನೋಡಿ, ಬೇಗ ತೆಗೆದುಕೊಳ್ಳಿ ಎಂದ. ಮೂವರೂ ತೊಟ್ಟಿಗೆ ಇಳಿದರು.

ಎಲ್ಲವೂ ಸಿಗಲಿಲ್ಲ. ತಳದಲ್ಲಿದ್ದ ಡಬ್ಬಗಳು ಅಂಬಲಿಯಂತಾಗಿದ್ದವು. ಆ ಗುಜರಾತಿಯ ಕಡತದ ಕೊನೆಯ ಹಾಳೆಗಳು ಅದರಲ್ಲೇ ಹೋದವು. "ಬಂದಿರ್ತಾಳೆ ಬಿಡಿ," ಎಂದರು ಭದ್ರಮ್ಮ. ರಂಜನಿಗೆ ವಕೀಲರಿಂದ ಎಚ್ಚರಿಕೆಯ ಕರೆ ಬಂದಿದೆ. ಹೊಸ ಕೆಲಸ ಇನ್ನೂ ಸಿಕ್ಕಿಲ್ಲ. ಕಾಗದ ಕಳಿಸಿದ್ದ ಮೊಮ್ಮಕ್ಕಳಿಗೆ ವೆಲ್ಲಿಂಗ್‌ಟನ್ನಿಗೆ ಫೋನು ಮಾಡಿ ಕೊರಿಯರ್ ಗೊತ್ತುಮಾಡಿಸಿದ್ದೂ ಅವರೇ.

ಮಳೆ ನಿಂತಿದೆ. ಕೊರಿಯರ್ ವ್ಯಾನು ಡಬ್ಬಗಳನ್ನು ತುಂಬಿಕೊಂಡು ಹೊರಟಿದೆ. ಜಯರಾಮ್ ಹಲಗೆ ಎತ್ತಿ ಗೋಡೆಗೆ ಒರಗಿಸುತ್ತಾರೆ. ಸೋಮವಾರ ಭದ್ರಮ್ಮ ಮಾರ್ಗನ್ ಹಿಲ್‌ನಲ್ಲಿ ಅಣಬೆ ಪ್ಯಾಕ್ ಮಾಡುವ ಕೆಲಸ ಕೇಳಲು ಹೋಗುತ್ತಿದ್ದಾರೆ. ಬೇಸರವೇ ಎಂದು ಕೇಳುತ್ತೇನೆ. ಅವರು ಬೆರಳಿಗೆ ಅಂಟಿದ ಶಾಯಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಕೆಲ್ಸಕ್ಕೇನು, ಯಾವ್ದಾದ್ರೂ ಮಾಡದೆಯ. ತೊಟ್ಟೀಲಿ ಹರ್ದೋಗಿದ್ದು ಹರ್ದೋಯ್ತು. ನನ್ ಕೈಯಲ್ಲಿ ಒಂದ್ ಹಾಳೇನೂ ಹರೀಲಿಲ್ಲ, ಅದನ್ ಬರ್ಕಳಿ."